ಬೂದಿಯಲ್ಲಿ ಅದಲುಬದಲು

ಕೈರೋದಲ್ಲಿ ನಸುಕಿಗೇ ಎದ್ದು ನೋಡಿದ್ದೆ:
ಸೊಂಟದೆತ್ತರದ ಗುಂಡು ಹಂಡೆ, ಸಣ್ಣ ಕತ್ತು,
ಒಳಗೆ ರಾತ್ರಿಯಿಡೀ ಬೆಂದ ಫೂಲ್,
ನಮ್ಮ ಅವರೆಯ ದೊಡ್ಡಣ್ಣನಂಥ ಕಾಳು.
ಗಾಡಿಯವ ಉದ್ದ ಹಿಡಿಯ ಸೌಟನ್ನು
ಬಾವಿಗೆ ಕೊಡ ಇಳಿಸಿದಂತೆ ಇಳಿಸಿ
ಎತ್ತುತ್ತಿದ್ದ. ನಿಂತೇ ತಿಂದೆವು,
ನಾನು, ಇಬ್ಬರು ಪೊಲೀಸರು, ಶಾಲೆಗೆ ತಡವಾದ ಒಬ್ಬ ಹುಡುಗ.
ನಿಂಬೆ, ಎಣ್ಣೆ, ಜೀರಿಗೆ. ಮಾತಿಲ್ಲ.
ಹಿಂದೆಲ್ಲ ಈ ಹಂಡೆಗಳು ಹಮ್ಮಾಮಿನ ಒಲೆಯಲ್ಲಿ
ಬೂದಿ ಹೊದ್ದು ಮಲಗುತ್ತಿದ್ದವಂತೆ.
ಈಗ ಗ್ಯಾಸು, ಎಂದ ಗಾಡಿಯವ
ತನ್ನದೇ ತಪ್ಪೆಂಬಂತೆ.

ಆ ಬೂದಿಯನ್ನೇ ಹುಡುಕಿಕೊಂಡು ಮರಾಕೆಶ್‌ಗೆ ಬಂದೆ
ಎಂದರೆ ಸುಳ್ಳಾದೀತು.
ಅಗ್ಗದ ಟಿಕೆಟ್ಟು ಸಿಕ್ಕಿತ್ತು.

ಕಟುಕರ ಓಣಿಯಲ್ಲಿ ಬೂಶ್ತಾ
ಎರಡು ಕಿವಿಯ ಮಣ್ಣಿನ ಹೂಜಿ ಕೊಟ್ಟ.
ತಂಜಿಯಾ. ಪಾತ್ರೆಗೂ ಅದೇ ಹೆಸರು, ಪದಾರ್ಥಕ್ಕೂ.
‘ಒಲೆಯಿಲ್ಲದವರ ಊಟ ಇದು, ಹೆಂಡತಿಯಿಲ್ಲದವರದು,
ಇದ್ದೂ ನಿನ್ನೆ ಜಗಳವಾಡಿದವರದು.’
ಕರುವಿನ ಮೊಣಕಾಲು, ಇಡೀ ಗಡ್ಡೆ ಬೆಳ್ಳುಳ್ಳಿ,
ಉಪ್ಪಿನಲ್ಲಿ ಮುದಿಯಾದ ನಿಂಬೆ, ಚಿಟಿಕೆ ಕೇಸರಿ,
ಮೂಗು ಮುಚ್ಚಿಕೊಳ್ಳುವಷ್ಟು ಹಳೆಯ ತುಪ್ಪ.
ಜೀರಿಗೆ ನಾನೇ ಹಾಕುತ್ತೇನೆ ಎಂದೆ.
ಹಾಕಿದೆ, ಸಾಲಗಾರನಿಗೆ ಎಣಿಸಿ ಕೊಟ್ಟಂತೆ.
ಅವನು ನೋಡಿದ. ಏನೂ ಹೇಳಲಿಲ್ಲ.
ಬಾಯಿಗೆ ಕಾಗದ ಬಿಗಿದು, ಸೂಜಿಯಿಂದ ನಾಲ್ಕು ತೂತು.

ಹಮ್ಮಾಮಿನ ಬೆನ್ನಿಗೆ, ಮೂರು ಮೆಟ್ಟಿಲು ಕೆಳಗೆ,
ಬಾ ಅಲ್ಲಾಲನ ಕುಲುಮೆ.
ಗೋಡೆಯಾಚೆ ಊರು ಮೈ ಉಜ್ಜಿಕೊಳ್ಳುತ್ತದೆ,
ಈಚೆ ಊರಿನ ಊಟ ಬೇಯುತ್ತದೆ,
ಬೆಂಕಿ ಒಂದೇ.
ಹತ್ತಾರು ಹೂಜಿಗಳು ಕತ್ತಿನವರೆಗೆ ಬೂದಿಯಲ್ಲಿ;
ಒಂದಕ್ಕೆ ಕೆಂಪು ಉಣ್ಣೆ, ಒಂದಕ್ಕೆ ಅಂಗಿಯ ಗುಂಡಿ,
ಒಂದಕ್ಕೆ ಹರಿದ ಬೂಟಿನ ದಾರ.
ನನ್ನದಕ್ಕೆ ಗುರುತು?
‘ನೆನಪಿರುತ್ತೆ ಹೋಗು,’
ಹೊಗೆಗೆ ಒಂದು ಕಣ್ಣು ಕೊಟ್ಟವನ ಮಾತು.

ಮಧ್ಯಾಹ್ನ ಮಾಳಿಗೆಯ ಮೇಲೆ, ಬಿಡಾರದ ಒಡತಿ
ಲಲ್ಲಾ ತಾಮು ಹೂಜಿ ಬಗ್ಗಿಸಿದಳು.
ಮಾಂಸ ಜಾರಿತು, ಎಲುಬು ಬತ್ತಲೆ ಬಿತ್ತು.
ಒಂದು ಬೆರಳು ನೆಕ್ಕಿ ಅವಳೆಂದಳು:
ಇದು ನಿನ್ನದಲ್ಲ.
ಜೀರಿಗೆ ಧಾರಾಳ, ಧಾರಾಳ.
ತಳದಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟು.
ಬಿಚ್ಚಿದರೆ ಸಿಪ್ಪೆ ಸುಲಿದ ಕಡಲೆ,
ಒಸಡಿಗೆ ಸಿಕ್ಕರೂ ಕರಗುವಷ್ಟು ಮೆತ್ತಗೆ.

ಯಾರದೋ ಅಜ್ಜನಿಗೆ. ಅಥವಾ ಹಲ್ಲು ಬರುವ ಕೂಸಿಗೆ.
ನಾವಿಬ್ಬರೂ ಕೈ ಹಿಂದೆಗೆದೆವು.
ಆಮೇಲೆ, ನಿಜ ಹೇಳುತ್ತೇನೆ, ಮಾಂಸ ತಿಂದೆವು.
ಬಿಸಿಯಿತ್ತು, ಹಸಿವಿತ್ತು.
ಉಂಡ ಮನೆಗೆ ಎರಡು ಬಗೆಯಬಾರದಂತೆ.
ಮನೆ ಯಾವುದೆಂದೇ ತಿಳಿಯದಿದ್ದರೆ?

ಗಂಟು ಹಿಡಿದು ಕುಲುಮೆಗೆ ಓಡಿದೆ.
ಒಬ್ಬ ಹುಡುಗ ಒಯ್ದ, ಎಂದ ಅಲ್ಲಾಲ್.
ಯಾವ ಮನೆ?
ಮಸಿಗೈ ಎತ್ತಿ ಇಡೀ ಮದೀನಾ ತೋರಿಸಿದ:
ಕೆಂಪು ಗೋಡೆಗಳು, ಒಣಹಾಕಿದ ಬಟ್ಟೆ, ಕೊಕ್ಕರೆ ಗೂಡು.
ಆ ಗೋಡೆಗಳೊಳಗೆ ಎಲ್ಲೋ
ಒಂದು ಸಂಸಾರ ನನ್ನ ಕೈರುಚಿಗೆ ಮುಖ ಕಿವುಚುತ್ತಿತ್ತು.
ಗಂಟನ್ನು ಮೊಳೆಗೆ ತೂಗುಹಾಕಿ ಬಂದೆ.

ಮರುದಿನ ಹೊರಡುವ ಮುಂಚೆ ಇಣುಕಿದೆ. ಮೊಳೆ ಖಾಲಿ.
ಕೆಳಗೆ ನನ್ನ ಹೂಜಿ, ತೊಳೆದು ಬೋರಲಿಟ್ಟದ್ದು;
ಎತ್ತಿದರೆ ಒಂದು ಕಾಗದದ ಪೊಟ್ಟಣ,
ಹುರಿದು ಪುಡಿಮಾಡಿದ ಜೀರಿಗೆ.
ಬೈಗುಳವೋ, ಬುತ್ತಿಯೋ?
ಅಲ್ಲಾಲ್ ಒಂದೇ ಕಣ್ಣಲ್ಲಿ ನಕ್ಕ,
ಸಲಿಕೆ ತುಂಬ ಮರದ ಹೊಟ್ಟು ಎರಚಿದ.

ಫೆಸ್‌ನ ಚರ್ಮ ಹದಮಾಡುವವರ ಬೀದಿಯಲ್ಲಿ
ಬೆಳಗಿನ ಚಳಿಗೆ ಬಟ್ಟಲು ಬಿಸಾರ,
ಅದೇ ದೊಡ್ಡಣ್ಣ ಕಾಳು, ಇಲ್ಲಿ ಗಂಜಿಯಾಗಿ.
ಪೊಟ್ಟಣ ಬಿಚ್ಚಿದೆ.
ಈ ಸಲ ಎಣಿಸಲಿಲ್ಲ.